ಕೆಮ್ಮು ಬಂದರೆ ಒತ್ತುವ ಬಟನ್

ಗಿರಣಿಯವರು ಕಳಿಸಿದ್ದ ಹೂವಿನ ಹಾರವನ್ನು ಮಗಳು ಅಮ್ಮನ ಹೆಣದ ಮೇಲಿಂದ ಕಿತ್ತು ಚರಂಡಿಗೆ ಎಸೆದಳು.

"ಏನೇ ಇದು! ನಾಲ್ಕು ಜನ ನೋಡ್ತಿದಾರೆ," ಎಂದು ಚಿಕ್ಕಮ್ಮ ಕೈ ಹಿಡಿದಳು.

"ನೋಡ್ಲಿ ಬಿಡು ಚಿಕ್ಕಮ್ಮ. ಹತ್ತಿ ಧೂಳು ಕುಡಿಸಿ ಕೊಂದೋರ ಹೂವು ನಮಗ್ಯಾಕೆ?"

ಅಷ್ಟರಲ್ಲಿ ರೇಡಿಯೋ ನಿರೂಪಕ ಬಂದ. ಮುಖ ಸಪ್ಪಗೆ ಮಾಡಿಕೊಂಡು, ಯಾರೂ ಕೇಳದಿದ್ದರೂ ಎರಡು ಮಾತಾಡುತ್ತೇನೆಂದು, ಅಮ್ಮನ ಜೊತೆಗಾರ್ತಿಯರು ತರಿಸಿಟ್ಟಿದ್ದ ಮೈಕು ಹಿಡಿದ. ಆ ದನಿ ಕೇಳಿದ್ದೇ ಮಗಳಿಗೆ ಮೈಯೆಲ್ಲ ಉರಿದುಹೋಯಿತು.

*

ಹೋದ ವರ್ಷ ಗಿರಣಿ ಕೆಲಸಗಾರರ ಆರೋಗ್ಯದ ಬಗ್ಗೆ ರೇಡಿಯೋದಲ್ಲಿ ನೇರಪ್ರಸಾರದ ಚರ್ಚೆಯಿತ್ತು. ಒಂದು ಕಡೆ ಗಿರಣಿಯ ಮ್ಯಾನೇಜರು, ಇನ್ನೊಂದು ಕಡೆ ನೂಲುವ ವಿಭಾಗದಲ್ಲಿ ದುಡಿಯುತ್ತಿದ್ದ ಅಮ್ಮ. ಮದುವೆಮನೆಗೆ ಹೊರಟವಳಂತೆ ತಲೆ ಬಾಚಿಕೊಂಡು ಹೋಗಿದ್ದಳು.

ಮಗಳು ಮನೆಯಲ್ಲಿ ರೇಡಿಯೋಗೆ ಕಿವಿ ಹಚ್ಚಿ ಕೂತರೆ ಮ್ಯಾನೇಜರನದೇ ಮಾತು. ಅಮ್ಮನ ಸರದಿ ಬಂದಾಗ ಸದ್ದೇ ಇಲ್ಲ. ಆಮೇಲೆ ನಿರೂಪಕನ ನಯವಾದ ದನಿ: "ಅಕ್ಕನವರು ತಲೆಯಾಡಿಸ್ತಿದಾರೆ. ಅಂದ್ರೆ ಗಿರಣಿ ಮೇಲೆ ಅವರಿಗೇನೂ ದೂರಿಲ್ಲ."

ಅಮ್ಮ ಕುಣಿಯುತ್ತಲೇ ಮನೆಗೆ ಬಂದಳು. "ಕೇಳಿದ್ಯೇನೇ? ಕೆಮ್ಮಿ ಕೆಮ್ಮಿ ಸತ್ತೋರ ಹೆಸರೆಲ್ಲ ಹೇಳ್ದೆ! ಮ್ಯಾನೇಜರ್ ಮುಖ ಹುಳ್ಳಗಾಯ್ತು. ಮೇಜಿನ ಮೇಲೊಂದು ಬಟನ್ ಇತ್ತು, ಒತ್ತಿ ಹಿಡಿದ್ರೆ ಕೆಮ್ಮು ಆಚೆ ಕೇಳಲ್ಲ ಅಂದಿದ್ರು. ಮಾತು ಮುಗಿಯೋವರೆಗೂ ಬೆರಳೇ ತೆಗೀಲಿಲ್ಲ ನೋಡು. ಪಾಪ, ಆ ನಿರೂಪಕರು ನನ್ನ ಬೆರಳನ್ನೇ ನೋಡ್ತಾ ಹೂಂ ಹೂಂ ಅಂತಿದ್ರು."

ಕೆಮ್ಮೊಂದೇ ಅಲ್ಲ, ಮಾತೂ ಆಚೆ ಬಂದಿರಲಿಲ್ಲ. ಮಗಳು ಹಲ್ಲು ಕಚ್ಚಿದಳು. "ಚೆನ್ನಾಗಿ ಕೇಳಿಸ್ತಮ್ಮ," ಎಂದಳು. ಅಮ್ಮ ಅದನ್ನೇ ನಂಬಿಕೊಂಡು ಸತ್ತಳು.

*

"ಅವತ್ತು ನಮ್ಮ ಕಾರ್ಯಕ್ರಮದಲ್ಲಿ ಎಷ್ಟು ಧೈರ್ಯವಾಗಿ ಮಾತಾಡಿದ್ರು," ಎನ್ನುತ್ತಿದ್ದ ನಿರೂಪಕ.

ಮಗಳು ಎದುರಿಗೆ ಹೋಗಿ ನಿಂತಳು. "ಏನ್ ಮಾತಾಡಿದ್ರು? ನೀವು ಎದುರಿಗೇ ಕೂತಿದ್ರಲ್ಲ, ಹೇಳಿ. ಯಾರ್ಯಾರ ಹೆಸರು ಹೇಳಿದ್ರು?"

"ನೋಡಮ್ಮ, ಈಗ ಅದೆಲ್ಲ..."

"ಬಟನ್ ಮೇಲೆ ಅಮ್ಮನ ಬೆರಳಿದ್ದದ್ದು ನಿಮಗೆ ಕಾಣಿಸ್ತಿತ್ತೋ ಇಲ್ವೋ?"

ನಿರೂಪಕ ಮೆಲ್ಲಗೆ ಮೈಕಿನ ಸ್ವಿಚ್ಚಿಗೆ ಕೈ ಹಾಕಿದ. ಅವನು ಆರಿಸುವ ಮೊದಲೇ ಮಗಳು ಮೈಕು ಕಸಿದುಕೊಂಡಳು.

ಹಿಂದೆ ನಿಂತಿದ್ದ ಗಿರಣಿಯ ಹೆಂಗಸೊಬ್ಬಳು ಸಾವಿನ ಮನೆಯಲ್ಲಿ ಸದ್ದಾದೀತೆಂದು ಬಾಯಿಗೆ ಬಟ್ಟೆ ಒತ್ತಿ ಕೆಮ್ಮು ತಡೆಯುತ್ತಿದ್ದಳು. ಮಗಳು ಅವಳ ಮುಂದೆ ಮೈಕು ಹಿಡಿದಳು.

"ತಡೀಬೇಡ ಅತ್ತೆ. ಕೆಮ್ಮು."

ಅವಳು ಕೆಮ್ಮಿದಳು. ಪಕ್ಕದವಳೂ ಕೆಮ್ಮಿದಳು. ಆಮೇಲೆ ಅವಳ ಹಿಂದಿನವರು. ಧ್ವನಿವರ್ಧಕದಿಂದ ಹೊರಟ ಕೆಮ್ಮು ಬೀದಿಯ ತುದಿಯವರೆಗೂ ಹೋಯಿತು. ಅಲ್ಲಿ ಗಿರಣಿಯ ಗೇಟು ಕಾಯುವವನು ಎದ್ದು ನಿಂತು ಇತ್ತ ನೋಡಿದ.