ನೀರವ್ವನ ಪೆಟ್ಟಿಗೆ

ನಾನು ಒಂದು ತಗಡಿನ ಪೆಟ್ಟಿಗೆ. ಹುಬ್ಬಳ್ಳಿಯ ಗಲ್ಲಿಯೊಂದರಲ್ಲಿ, ಟ್ರಂಕು ಡಬ್ಬಿ ಮಾಡುವ ಅಂಗಡಿಯಲ್ಲಿ ಹುಟ್ಟಿದೆ. ಸುತ್ತಿಗೆಯ ಏಟು ತಿಂದು ಮೂಲೆ ಮಡಿಸಿಕೊಂಡೆ, ಬೆಸುಗೆಯ ಬಿಸಿಯಲ್ಲಿ ಮೈ ಕೂಡಿಸಿಕೊಂಡೆ. ಬಿಳಿ ಬಣ್ಣ ಬಳಿದು ಮುಚ್ಚಳದ ಮೇಲೆ ಔಷಧಿಯ ಕೆಂಪು ಗುರುತು ಬರೆದಾಗ, ನನ್ನ ಜೊತೆಗೆ ಹುಟ್ಟಿದ ಟ್ರಂಕುಗಳ ಎದುರು ಸ್ವಲ್ಪ ಜಂಬವೇ ಬಂತು.

ಜಂಬ ಬಹಳ ದಿನ ಉಳಿಯಲಿಲ್ಲ. ಒಂದು ಬಸ್ ಡಿಪೋದ ಗೋಡೆಗೆ ನನ್ನನ್ನು ತೂಗುಹಾಕಿದರು. ಹತ್ತಿ, ಅಯೋಡಿನ್ ಮುಗಿದ ಮೇಲೆ ಮತ್ತೆ ಯಾರೂ ತಂದಿಡಲಿಲ್ಲ. ನಟ್ಟು ಬೋಲ್ಟು ತುಂಬಿದರು, ಬೀಡಿ ಕಟ್ಟು ಬಚ್ಚಿಟ್ಟರು. ಒಮ್ಮೆ ಅಲ್ಲಿಯ ಮೇಸ್ತ್ರಿ ಕೈ ಸುಟ್ಟುಕೊಂಡು, ಬರೀ ಗ್ರೀಸು ಸವರಿಕೊಂಡು ಆಸ್ಪತ್ರೆಗೆ ಓಡಿದ. ಗಾಯ ತೊಳೆದ ನರ್ಸು, ಡಿಪೋದಾಗ ಔಷಧಿ ಪೆಟ್ಟಿಗಿ ಇರಲಿಲ್ಲೇನು ಎಂದು ಕೇಳಿದರಂತೆ. ಇತ್ತು ಎನ್ನಲು ಅವನಿಗೆ ನಾಚಿಕೆಯಾಯಿತು. ಕೈ ವಾಸಿಯಾದ ಮೇಲೆ ನನ್ನನ್ನೇ ಒರೆಸಿಕೊಂಡು ಹೋಗಿ ಅವರ ಮುಂದಿಟ್ಟ.

ಆ ನರ್ಸು ದಯಾವತಿ ಬೆನ್ನೂರ. ಗದಗ-ಬೆಟಗೇರಿ ಕಡೆಯವರು, ಮದುವೆಯಾಗಿರಲಿಲ್ಲ. ನಿವೃತ್ತರಾದ ಮೇಲೆ ಅಣ್ಣನ ಮಗಳ ಜೊತೆ ಇದ್ದರು. ಗುರುಸಿದ್ಧ ಮಾಸ್ತರರೆಂಬ ಪರಿಚಯದವರು ಗುಳೇದಗುಡ್ಡದ ಹತ್ತಿರ, ಗುಡ್ಡದ ಬುಡದ ಒಂದು ಶಾಲೆಯಲ್ಲಿ ಪ್ರತಿ ಮೇ ತಿಂಗಳು ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಬನ್ನಿ ಎಂದು ಕರೆದರು. ಸಿಸ್ಟರ್ ನನ್ನನ್ನು ಕೈಯಲ್ಲಿ ಹಿಡಿದು ಬಸ್ಸು ಹತ್ತಿದರು.

ಬಾಳು ಅಂದರೆ ಅದು. ಆ ಕಡೆಯ ಬಿಸಿಲು ಕಲ್ಲನ್ನೂ ಹುರಿಯುವಂಥದ್ದು. ಸಿಸ್ಟರ್ ನೀರು ಕಾಯಿಸಿ ಸೋಸಿ ಮಡಕೆಗೆ ತುಂಬಿಸುತ್ತಿದ್ದರು. ಹೊತ್ತು ನೆತ್ತಿಗೇರಿದರೆ ಆಟ ಬಂದ್, ಎಲ್ಲರೂ ಬೇವಿನ ನೆರಳಿಗೆ. ಬೂಟು ಜಾಡಿಸದೆ ಕಾಲು ಹಾಕುವಂತಿಲ್ಲ, ಚೇಳು ಇರುತ್ತದೆ. ಉಗುರು, ತಲೆ, ಗಾಯ, ಗುಳ್ಳೆ, ಎಲ್ಲ ನೋಡುವರು. ಮೂರು ಹೊತ್ತೂ ‘ನೀರು ಕುಡೀರಿ’ ಎನ್ನುತ್ತಿದ್ದರಿಂದ ಮಕ್ಕಳು ಅವರಿಗೆ ನೀರವ್ವ ಎಂದು ಹೆಸರಿಟ್ಟರು. ನನ್ನ ಹೊಟ್ಟೆಯಲ್ಲಿ ಪಟ್ಟಿ, ಮುಲಾಮು, ಸುಟ್ಟ ಗಾಯದ ಔಷಧಿಯ ಪಕ್ಕದಲ್ಲಿ ಒಂದು ಪೊಟ್ಟಣ ಪೆಪ್ಪರಮೆಂಟೂ ಇರುತ್ತಿತ್ತು. ಮನೆ ನೆನಪಾಗಿ ಅಳುವ ಮಕ್ಕಳಿಗೆ ಅದೇ ಔಷಧಿ.

ಒಂದು ವರ್ಷ ಇಳಕಲ್ಲಿನಿಂದ ತೈಬಾ ಎಂಬ ಹುಡುಗಿ ಬಂದಳು. ತಂದೆ ಮೌಲಾಲಿ, ಸೀರೆಯ ನೂಲಿಗೆ ಬಣ್ಣ ಹಾಕುವವರು. ತಾಯಿಯನ್ನು ಒಂದು ದಿನವೂ ಬಿಟ್ಟಿರದ ಮಗು. ಬಂದ ದಿನದಿಂದ ಊಟದ ಹೊತ್ತಿಗೆ ಸರಿಯಾಗಿ ಸಿಸ್ಟರ್ ಬಳಿ ಬಂದು ಹೊಟ್ಟೆ ಹಿಡಿದು ನಿಲ್ಲುವಳು. ಸಿಸ್ಟರ್ ಮುಟ್ಟಿ ನೋಡುವರು, ನೋವಿನ ಮೂಲ ಎಲ್ಲಿದೆ ಎಂದು ಅವರಿಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಅಮ್ಮಿ ಏನು ಅಡುಗೆ ಮಾಡುತ್ತಾಳೆ, ಅಬ್ಬಾನ ಕೈಗೆ ಇವತ್ತು ಯಾವ ಬಣ್ಣ ಹತ್ತಿರಬಹುದು ಎಂದು ಕೇಳುವರು. ಹುಡುಗಿ ಪೆಪ್ಪರಮೆಂಟು ಚೀಪುತ್ತಾ ನಗುವಳು. ನೋವು ಮಾಯ.

ಶಿಬಿರ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಇಬ್ಬರು ಹುಡುಗರು ಬಿಸಿಲಿಗೆ ತಲೆಸುತ್ತಿ ಬಿದ್ದರು. ಸಿಸ್ಟರ್ ಅವರ ಮೈಗೆ ಒದ್ದೆ ಬಟ್ಟೆ ಸುತ್ತುವ ಗಡಿಬಿಡಿಯಲ್ಲಿದ್ದಾಗ ತೈಬಾ ಬಂದು ನಿಂತಳು.

“ಹೊಟ್ಟಿ ನೂಸಾಕತ್ತೈತ್ರಿ.”

“ಊರ ನೆನಪಾತೇನವ್ವಾ? ಹೋಗು, ಒಂದು ತಗೊಂಡು ಮಲಗು ಹೋಗು.”

ಹುಡುಗಿ ತಾನೇ ನನ್ನ ಮುಚ್ಚಳ ತೆಗೆದಳು. ಪೆಪ್ಪರಮೆಂಟು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳಲಿಲ್ಲ, ಮುಷ್ಟಿಯಲ್ಲೇ ಹಿಡಿದು ಹೋದಳು. ಅದನ್ನು ನೋಡಿದವನು ನಾನೊಬ್ಬನೇ. ತಗಡಿಗೆ ಬಾಯಿಲ್ಲ.

ಮರುದಿನ ಬೆಳಿಗ್ಗೆ ಅವಳಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಮೈ ಕೆಂಡವಾಗಿತ್ತು. ಸಿಸ್ಟರ್ ಹೊಟ್ಟೆಯ ಬಲಗಡೆ ಕೆಳಗೆ ಬೆರಳಿಟ್ಟರು. ಕೂಡಲೇ ಜೀಪು ತರಿಸಿದರು. ಜೀಪಿನಲ್ಲಿ ಬಾಗಲಕೋಟೆಯವರೆಗೆ ಹುಡುಗಿ ಅವರ ತೊಡೆಯ ಮೇಲಿದ್ದಳು, ನಾನು ಕಾಲ ಬಳಿ ಇದ್ದೆ. ನನ್ನೊಳಗೆ ಇದ್ದದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದು ಕೀವು ಹರಡಿತ್ತು. ಆಪರೇಷನ್ ಆಯಿತು, ಬಹಳ ದಿನ ಹುಡುಗಿ ಅತ್ತ ಇತ್ತ ತೂಗಾಡಿದಳು. ಕೊನೆಗೆ ಉಳಿದಳು. ಮೌಲಾಲಿ ಸಿಸ್ಟರ್ ಎದುರು ಕೈಜೋಡಿಸಿ, ನೀವಿದ್ದದ್ದಕ್ಕೆ ನನ್ನ ಮಗಳು ಉಳಿದಳು ಎಂದರು. ಆ ಮಾತನ್ನು ಸಿಸ್ಟರಿಗೆ ತಡೆದುಕೊಳ್ಳಲಾಗಲಿಲ್ಲ. ಹೊರಗೆ ಬಂದು ಗುರುಸಿದ್ಧ ಮಾಸ್ತರರಿಗೆ ಹೇಳಿದರು:

“ಆವತ್ತ ಮಧ್ಯಾಹ್ನನ ಕೈ ಇಟ್ಟು ನೋಡಬೇಕಿತ್ತು. ದಿನಾ ನೋಡತಿದ್ದೆ, ಆವತ್ತೊಂದಿನ ನೋಡಲಿಲ್ಲ.”

ಮರುವರ್ಷ ಮಾಸ್ತರರು ಎಷ್ಟು ಕರೆದರೂ ಸಿಸ್ಟರ್ ಶಿಬಿರಕ್ಕೆ ಹೋಗಲಿಲ್ಲ. ನನ್ನನ್ನು ಗೋಡೆಯ ಮಾಡದಲ್ಲಿಟ್ಟರು.

ಮುಂದಿನ ಬಕ್ರೀದ್ ಆದ ಮೇಲೆ ತೈಬಾ ತಂದೆಯ ಜೊತೆ ಅವರ ಮನೆಗೆ ಬಂದಳು. ಕಿಟಕಿಯಿಂದ ಅವರನ್ನು ಕಂಡ ಸಿಸ್ಟರ್ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಣ್ಣನ ಮಗಳು ಸರೋಜಿನಿ, ಅತ್ತೆ ಊರಲ್ಲಿಲ್ಲ ಎಂದಳು. ಹುಡುಗಿ ಜಗುಲಿಯ ಮೇಲೆ ಬಹಳ ಹೊತ್ತು ಕೂತಿದ್ದಳು. ತಂದಿದ್ದ ಶೇಂಗಾ ಹೋಳಿಗೆಯ ಡಬ್ಬಿ ಇಟ್ಟು ಹೋದಳು. ಸಿಸ್ಟರ್ ಅದನ್ನು ಮುಟ್ಟಲಿಲ್ಲ. ಹೊಳ್ಳಿ ಕರೆಯಲೂ ಇಲ್ಲ.

ಅವರು ತೀರಿಕೊಂಡ ಮೇಲೆ ಸರೋಜಿನಿ ನನ್ನನ್ನು ಶಿಬಿರಕ್ಕೆ ಕೊಟ್ಟಳು. ಅಲ್ಲಿ ಈಗ ಪ್ಲಾಸ್ಟಿಕ್ಕಿನ ಹೊಸ ಪೆಟ್ಟಿಗೆಗಳಿವೆ. ಯಾವ ಮಗು ಹೊಟ್ಟೆನೋವು ಎಂದರೂ ನೇರ ಡಾಕ್ಟರ ಬಳಿಗೇ. ಅದೇ ಸರಿ. ನಾನು ಹರಿದ ವಾಲಿಬಾಲ್ ಬಲೆಯ ಕೆಳಗೆ ಉಗ್ರಾಣದಲ್ಲಿದ್ದೇನೆ. ತುಕ್ಕು ಹಿಡಿದು ಕೆಂಪು ಗುರುತು ಯಾವುದು, ಜಂಗು ಯಾವುದು ತಿಳಿಯದು.

ಹೋದ ಬೇಸಿಗೆಯಲ್ಲಿ ತೈಬಾ ಬಂದಿದ್ದಳು. ಈಗ ಶಾಲೆಯಲ್ಲಿ ಪಾಠ ಹೇಳುವ ಅಕ್ಕಾವರು, ತನ್ನ ತರಗತಿಯ ಮಕ್ಕಳನ್ನು ಶಿಬಿರಕ್ಕೆ ಕರೆತಂದಿದ್ದಳು. ಚೆಂಡು ಹುಡುಕಲು ಒಳಗೆ ಬಂದವಳು ನನ್ನನ್ನು ಗುರುತಿಸಿದಳು. ಬಲೆ ಸರಿಸಿ ಪಕ್ಕದಲ್ಲೇ ಕೂತಳು. ಜೊತೆಗಿದ್ದ ಮುದಿ ಗುರುಸಿದ್ಧ ಮಾಸ್ತರರು ಅಂದಿನದೆಲ್ಲ ಹೇಳಿದರು. ಸರೋಜಿನಿಯಿಂದ ಕೇಳಿ ತಿಳಿದಂತೆ, ತೈಬಾ ಮನೆಗೆ ಹೋದ ದಿನ ಸಿಸ್ಟರ್ ಒಳಗೇ ಇದ್ದರೆಂಬುದನ್ನೂ, ಯಾಕೆ ಹೊರಗೆ ಬರಲಿಲ್ಲ ಎಂಬುದನ್ನೂ. ತೈಬಾಳಿಗೆ ಅದು ಯಾವುದೂ ಗೊತ್ತೇ ಇರಲಿಲ್ಲ.

“ನಾ ಏನ ಕೇಳಾಕ ಹೋಗಿದ್ದಿಲ್ರಿ ಸರ್,” ಎಂದಳು. “ಅವರನ್ನ ನೋಡಬೇಕನಿಸಿತ್ತು, ಅಷ್ಟ.”

ಕ್ಷಮೆ ಬೇಡಲು ಸಿಸ್ಟರಿಗೆ ಧೈರ್ಯವಿರಲಿಲ್ಲ. ಆ ಮಗುವಿನ ಲೆಕ್ಕದಲ್ಲಿ ಕ್ಷಮಿಸಬೇಕಾದ ತಪ್ಪೇ ಇರಲಿಲ್ಲ. ಇಬ್ಬರ ನಡುವೆ ಇದ್ದದ್ದು ಬರೀ ಒಂದು ಮರದ ಬಾಗಿಲು. ಎಷ್ಟೋ ಮಕ್ಕಳ ಗಾಯಕ್ಕೆ ನನ್ನೊಳಗೆ ಮದ್ದಿತ್ತು. ಅದನ್ನು ಹಚ್ಚಿದವರ ಗಾಯಕ್ಕೆ ಇರಲಿಲ್ಲ. ಆ ಮದ್ದು ಜಗುಲಿಯ ತನಕ ಬಂದು, ಕಾದು, ಹೊರಟುಹೋಯಿತು.