ಸರೋಜಮ್ಮ ಕಟ್ಟಿದ ಮುದ್ದೆ

ಉದಯಗಿರಿಯಲ್ಲಿ ಸ್ಕೂಟರ್ ಗ್ಯಾರೇಜ್ ಇಟ್ಟುಕೊಂಡಿರುವ ಚೆಲುವರಾಜುವಿನ ಕೈ ಎಂದರೆ ಕೈ. ಕಣ್ಣು ಮುಚ್ಚಿ ಮುಟ್ಟಿದರೂ ಸಾಕು, ಇದು ಹನ್ನೆರಡರ ನಟ್ಟು, ಇದು ಹದಿನಾಲ್ಕರದು ಎಂದುಬಿಡುತ್ತಾನೆ. ಅಂಥ ಆಸಾಮಿಗೆ ಸೂಜಿ ಕಂಡರೆ ಮಾತ್ರ ಪ್ರಾಣಭಯ. ಹಾಗಾಗಿ ಡಾಕ್ಟರು ರಿಪೋರ್ಟು ನೋಡಿ, "ಮುಂದಿನ ಸಲಕ್ಕೂ ಶುಗರ್ ಇಳಿಯದಿದ್ದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತೆ" ಎಂದಾಗ ಅವನ ಜೀವ ಬಾಯಿಗೆ ಬಂತು.

"ಹಂಗಾದ್ರೆ ಏನ್ ತಿನ್ಲಿ ಸಾರ್?"

"ಮಾತ್ರೆ ಬಿಡಬೇಡಿ, ಅನ್ನ ಕಡಿಮೆ ಮಾಡಿ. ಸೊಪ್ಪು, ಕಾಳು ಜಾಸ್ತಿ ಇರಲಿ. ರಾಗಿಮುದ್ದೆ ಒಳ್ಳೇದು, ಆದರೆ ಅದೂ ಮಿತವಾಗಿ."

ಈ ಗಂಡಸರ ಕಿವಿ ನೋಡಿ! ಮುದ್ದೆ ಒಳ್ಳೇದು ಎನ್ನುವ ತನಕ ತೆರೆದಿತ್ತು, ಆಮೇಲಿನ ಮಾತಿಗೆ ಬಾಗಿಲು ಹಾಕಿಕೊಂಡಿತು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ಜೊತೆಗಿದ್ದ ಹೆಂಡತಿ ಸರೋಜಮ್ಮನಿಗೆ ಹೇಳಿದ: "ಕೇಳ್ಸ್ಕೊಂಡ್ಯಾ? ಇನ್ಮೇಲೆ ಮುದ್ದೇನೇ ಔಷಧಿ. ಎರಡು ಇಕ್ತಿದ್ದೆಯಲ್ಲ, ಮೂರು ಇಕ್ಕು."

"ಆಯ್ತು ಬುಡಿ" ಎಂದಳು ಸರೋಜಮ್ಮ. ಮದುವೆಯಾದಾಗಿನಿಂದ ಒಂದು ಮಾತನ್ನೂ ವಾದವಿಲ್ಲದೆ ಒಪ್ಪದವಳು ಹೀಗೆ ಒಪ್ಪಿದಾಗಲೇ ಅವನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅಂದಿನಿಂದ ತಟ್ಟೆಗೆ ಮೂರು ಮುದ್ದೆ ಬೀಳತೊಡಗಿದವು. ಒಂದು ದಿನ ಹುರುಳಿಕಾಳಿನ ಬಸ್ಸಾರು, ಇನ್ನೊಂದು ದಿನ ಮಸ್ಸೊಪ್ಪು, ಪಕ್ಕದಲ್ಲಿ ದಂಟಿನ ಸೊಪ್ಪಿನ ಪಲ್ಯ ಗುಡ್ಡೆಗಟ್ಟಲೆ. ಅನ್ನದ ನೆನಪೇ ಬರುತ್ತಿರಲಿಲ್ಲ. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಇಳಿದಿತ್ತು. "ಸೂಜಿ ಬೇಡ, ಹೀಗೇ ಮುಂದುವರಿಸಿ" ಎಂದರು ಡಾಕ್ಟರು. ಚೆಲುವರಾಜುವನ್ನು ಹಿಡಿಯುವವರುಂಟೆ? ಗಾಡಿ ರಿಪೇರಿಗೆ ಬಂದವರಿಗೆಲ್ಲ, "ಮೂರು ಮುದ್ದೆ ನುಂಗಿ ಕಾಯ್ಲೆ ಓಡಿಸ್ದೆ ಕಣ್ರೀ" ಎಂದು ಡಂಗುರ ಹೊಡೆದ.

ಒಂದು ಭಾನುವಾರ ಮಧ್ಯಾಹ್ನ ಒಬ್ಬನೇ ತಂಗಿ ಪವಿತ್ರಳ ಮನೆಗೆ ಹೋದ. ನಾಟಿಕೋಳಿ ಸಾರು ಮಾಡಿದ್ದಳು. ಒಂದು ಮುದ್ದೆ ಇಟ್ಟಳು. ಅರ್ಧ ಮುಗಿಯುವಷ್ಟರಲ್ಲಿ ಅವನ ಹೊಟ್ಟೆ ಬಿರಿಯಿತು.

"ಯಾಕಣ್ಣ, ಮನೇಲಿ ಮೂರು ಉಣ್ತೀನಿ ಅಂತಿದ್ದೆ?"

"ನೀನ್ ಇಷ್ಟ್ ದಪ್ಪ ಕಟ್ಟಿದ್ರೆ ಎಂಗಮ್ಮ ಉಣ್ಣಾದು?"

"ಅಮ್ಮ ಕಟ್ತಿದ್ದಷ್ಟೇ ಕಣಣ್ಣ. ಅತ್ಗೆ ಕಟ್ತಿದ್ದುದೂ ಇಷ್ಟೇ ಅಲ್ವಾ?"

ಚೆಲುವರಾಜು ಉಳಿದ ಅರ್ಧ ಮುದ್ದೆಯನ್ನೇ ಒಮ್ಮೆ ನೋಡಿ ಕೈ ತೊಳೆದ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಸ್ಕೂಟರ್ ಓಡಿಸಿದ.

ಸಂಜೆ ಸರೋಜಮ್ಮ ಎಂದಿನಂತೆ ಅವನಿಗೆ ಮೂರು ಮುದ್ದೆ ಇಟ್ಟು, ತನಗೆ ಎರಡು ಇಟ್ಟುಕೊಂಡು ಎದುರಿಗೆ ಕೂತಳು. ಅವನು ಒಂದನ್ನು ಅಂಗೈ ಮೇಲಿಟ್ಟು ತೂಗಿದ. ದಪ್ಪ ನಿಂಬೆಹಣ್ಣಿನಷ್ಟಿತ್ತು.

"ಇಷ್ಟ್ ದಿನ ನನ್ ಕಣ್ಣಿಗೆ ಮಣ್ಣೆರಚ್ಬುಟ್ಟೆಯಲ್ಲೇ."

ಅವಳು ನಕ್ಕಳು. "ದಿನಾ ಒಂಚೂರು ಒಂಚೂರೇ ಇಳಿಸ್ದೆ. ಬಾಯಲ್ಲಿ ಹೇಳಿದ್ರೆ ನೀವು ಕೇಳ್ತಿದ್ರಾ?"

ಅವನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳ ತಟ್ಟೆ ನೋಡಿದ. ಅಲ್ಲಿದ್ದ ಎರಡೂ ಅಷ್ಟೇ ಸಣ್ಣವು.

"ನಿಂಗೇನ್ ಬಂದಿತ್ತು ಕಾಯ್ಲೆ? ನಿಂದ್ಯಾಕೆ ಇಷ್ಟೇ ಇಷ್ಟು?"

"ನನ್ ತಟ್ಟೇಲಿ ದಪ್ಪ ಇದ್ದಿದ್ರೆ ನಿಮ್ಗೆ ಗೊತ್ತಾಗ್ಬುಡ್ತಿತ್ತಲ್ಲ."

ಚೆಲುವರಾಜುವಿಗೆ ಈಗ ಅರಿವಾಯಿತು: ತಾನು ಮೂರು ಮೂರು ಎಂದು ಬೀಗಿಕೊಂಡು ತಿರುಗುವಾಗ ಇವಳು ಅರೆಹೊಟ್ಟೆಯಲ್ಲಿ ಎದ್ದಿದ್ದಾಳೆ. ನಾಚಿಕೆಯೂ ಆಯಿತು, ಅವಳ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಬಂತು. ತನ್ನದರಲ್ಲೊಂದು ಮುದ್ದೆ ಎತ್ತಿ ಅವಳ ತಟ್ಟೆಗೆ ಹಾಕಿದ.

"ನಾಳೆಯಿಂದ ನಿಂದು ಮೊದಲಿನಂಗೇ ದಪ್ಪ ಕಟ್ಕೊ."

"ನೋಡಿದ್ರೆ ನಿಮ್ಗೆ ಆಸೆ ಆಯ್ತದೆ."

ಅವನು ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತ.

"ನೋಡಲ್ಲ. ಉಣ್ಣು" ಎಂದ.