ಬೀಳದ ಸೇವಂತಿಗೆ

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ನೋಡಬೇಕಾದದ್ದನ್ನೆಲ್ಲ ಸುಚಿತ್ರಾ ಮೊದಲ ತಿಂಗಳಲ್ಲೇ ನೋಡಿ ಮುಗಿಸಿದಳು. ಗುಡ್ಡದ ಮೇಲಿನ ದೊಡ್ಡ ಚರ್ಚು, ಊರ ನಡುವಿನ ಬಾತುಕೋಳಿಗಳ ಕೆರೆ, ಬಂದರಿನ ಗಾಜಿನ ಸಭಾಭವನ, ಕಡಲಿಗೆ ಮುಖಮಾಡಿ ನಿಂತ ಉಕ್ಕಿನ ದೋಣಿಯ ಶಿಲ್ಪ. ಎಲ್ಲದರ ಮುಂದೆಯೂ ಫೋಟೊ ತೆಗೆದುಕೊಂಡಳು, ಒಬ್ಬಳೇ. ಅಷ್ಟಾದ ಮೇಲೂ ಐದು ತಿಂಗಳು ಉಳಿದಿತ್ತು. ನೆಲದೊಳಗಿನ ಬಿಸಿನೀರಿನಿಂದ ಕರೆಂಟು ತೆಗೆಯುವುದನ್ನು ಕಲಿಯಲು ಹೋದ ಇಂಜಿನಿಯರಿಗೆ ಬಿಸಿನೀರಿನ ಕೊರತೆಯೇನೂ ಇರಲಿಲ್ಲ, ಮಾತಿನ ಕೊರತೆಯಿತ್ತು. ಅಲ್ಲಿಯ ಜನ ಒಳ್ಳೆಯವರು. ಎದುರಾದರೆ ನಗುತ್ತಾರೆ, ದಾರಿ ಬಿಡುತ್ತಾರೆ, ಹೋಗುತ್ತಾರೆ. ಆ ಒಳ್ಳೆಯತನವನ್ನು ಕಟ್ಟಿಕೊಂಡು ಅವಳು ಏನು ಮಾಡಬೇಕಿತ್ತು?

ಒಂದು ಭಾನುವಾರ, ಕಥೆ ಹೇಳುತ್ತಾ ಊರು ಸುತ್ತಿಸುವ ಹೆಂಗಸೊಬ್ಬಳ ಹಿಂದೆ ಹೋದಳು. ಬಂಡೆಗಳೊಳಗೆ ಕಣ್ಣಿಗೆ ಕಾಣದ ಜನರಿದ್ದಾರಂತೆ. ಹಸು ಕುರಿ ಸಾಕಿಕೊಂಡು ನಮ್ಮ ಹಾಗೆಯೇ ಬದುಕುತ್ತಾರಂತೆ. ಅವರ ಬಂಡೆ ಒಡೆದರೆ ಕೇಡು ತಪ್ಪಿದ್ದಲ್ಲ, ಅದಕ್ಕೇ ಕೆಲವು ಕಡೆ ರಸ್ತೆಯೇ ಬಂಡೆಯನ್ನು ಬಳಸಿಕೊಂಡು ಹೋಗಿದೆ ಎಂದಳು. ಉಳಿದ ಪ್ರವಾಸಿಗಳು ನಕ್ಕರು. ಸುಚಿತ್ರಾ ನಗಲಿಲ್ಲ. ಮಲೆನಾಡಿನ ಮಾಸ್ತಿಕಟ್ಟೆಯ ಹತ್ತಿರ ಅವಳ ಮನೆಯ ಗದ್ದೆಯ ಮೂಲೆಯಲ್ಲೂ ಒಂದು ಕಲ್ಲಿದೆ, ಗದ್ದೆ ಕಾಯುವ ಚೌಡಿ. ಟಿಲ್ಲರು ಅದನ್ನು ಬಳಸಿಕೊಂಡೇ ಉಳುತ್ತದೆ. ದೂರ ಹೋಗುವವರು ಅದರ ನೆತ್ತಿಯ ಮೇಲೆ ಹೂವಿಟ್ಟು ಅಪ್ಪಣೆ ಕೇಳಬೇಕು. ಬಲಕ್ಕೆ ಬಿದ್ದರೆ ಹೋಗಬಹುದು, ಎಡಕ್ಕೆ ಬಿದ್ದರೆ ಇಲ್ಲ, ಬೀಳದಿದ್ದರೆ ಬೀಳುವವರೆಗೆ ಕಾಯಬೇಕು. ಸುಚಿತ್ರಾ ಹೊರಟ ದಿನ, ಇಟ್ಟ ಕೈ ತೆಗೆಯುವಷ್ಟರಲ್ಲಿ ಹೂ ಬಲಕ್ಕೆ ಬಿದ್ದಿತ್ತು. ಮನೆಯವರೆಲ್ಲ ಖುಷಿಪಟ್ಟರು. ಇಷ್ಟು ಸಲೀಸಾಗಿ ಕಳಿಸಿಬಿಟ್ಟಿತಲ್ಲ ಎಂದು ಅವಳಿಗೆ ಮಾತ್ರ ಒಳಗೇ ಚುರುಕ್ಕೆಂದಿತ್ತು.

ಅವಳ ಬಾಡಿಗೆ ಕೋಣೆಯ ಹಿಂದೆ, ಕಾರು ನಿಲ್ಲಿಸುವ ಜಾಗದ ಅಂಚಿನಲ್ಲಿ, ಪಾಚಿಗಟ್ಟಿದ ಬಂಡೆಯೊಂದಿತ್ತು. ಅದರೊಳಗೆ ಯಾರಾದರೂ ಇದ್ದಾರೆಂದು ಯಾರೂ ಹೇಳಿರಲಿಲ್ಲ. ಇದ್ದಾರೆಂದು ಸುಚಿತ್ರಾ ತಾನೇ ತೀರ್ಮಾನಿಸಿ ಒಂದು ಸಂಜೆ ಅನ್ನ, ಬೆಲ್ಲ ಇಟ್ಟುಬಂದಳು. ಮುಂದಿನ ವಾರವೂ ಇಟ್ಟಳು. ತಿಂದು ದುಂಡಗಾದದ್ದು ಕಡಲಹಕ್ಕಿಗಳು. ಬರಬರುತ್ತಾ ಬಂಡೆಗೆ ಬೆನ್ನು ಕೊಟ್ಟು ಕೂತು ಕನ್ನಡದಲ್ಲಿ ಮಾತಾಡತೊಡಗಿದಳು: ಸಾರಿಗೆ ಹುಳಿ ಸಿಗಲಿಲ್ಲ, ಊಟದ ಹೊತ್ತಿಗೆ ಪಕ್ಕದ ಕುರ್ಚಿ ಇವತ್ತೂ ಖಾಲಿ. ಆ ಊರಿನಲ್ಲಿ ಅವಸರವಿಲ್ಲದೆ ಕೇಳಿಸಿಕೊಂಡದ್ದು ಅದೊಂದೇ.

ಹೊರಡುವ ವಾರ ಫೋನಿನಲ್ಲಿ ಇದನ್ನು ಹೇಳಿದಾಗ ಅಜ್ಜಿ ದುಗ್ಗಮ್ಮ ಗಾಬರಿಬಿದ್ದಳು.

"ಎಂತ ಮಾಡ್ಕಂಡ್ಯೆ ಮಾರಾಯ್ತಿ. ಎಡೆ ಇಟ್ಟು ರೂಢಿ ಮಾಡ್ಸಿ ಹಂಗೇ ಎದ್ದು ಬರ್ತಾರಾ? ಅದು ಹಿಂದೇನೇ ಬರ್ತದೆ."

"ಬಂದ್ರೆ ಬರ್ಲಿ ಅಜ್ಜಿ. ಗದ್ದೇಲಿ ಜಾಗ ಇಲ್ವಾ?"

"ತಮಾಷೆ ಮಾಡ್ಬೇಡ. ಹೂವಿಟ್ಟು ಅಪ್ಪಣೆ ಕೇಳು. ಬಲಕ್ಕೆ ಬಿದ್ಮೇಲೇ ಹೊರಡು. ನಂಗೆ ಮಾತು ಕೊಡು."

ಕೊಟ್ಟಳು. ಅಜ್ಜಿಗೆ ಕೊಟ್ಟ ಮಾತನ್ನು ಮುರಿದು ಆ ಮನೆಯಲ್ಲಿ ಉಳಿದವರಿಲ್ಲ.

ಹೊರಡುವ ದಿನ ಬೆಳಿಗ್ಗೆ ಅಂಗಡಿಯಿಂದ ಒಂದು ಬಿಳಿ ಸೇವಂತಿಗೆ ತಂದು ಬಂಡೆಯ ನೆತ್ತಿಯ ಮೇಲಿಟ್ಟಳು. "ಹೋಗ್ಬರ್ತೀನಿ" ಎಂದಳು. ಛತ್ರಿಯನ್ನೇ ತಿರುಚಿಹಾಕುವ ಗಾಳಿಯ ಊರದು. ಹೂ ಗಳಿಗೆಯೂ ನಿಲ್ಲದು ಎಂದುಕೊಂಡಿದ್ದಳು. ಆದರೆ ಅವತ್ತು ಗಾಳಿಯೇ ಇರಲಿಲ್ಲ. ಸೂಟ್‌ಕೇಸಿನ ಮೇಲೆ ಕೂತು ಕಾದಳು. ವಿಮಾನ ನಿಲ್ದಾಣದ ಬಸ್ಸು ಬರುವ ಹೊತ್ತಾಗುತ್ತಾ ಬಂತು. ಕೊನೆಗೆ ಅಜ್ಜಿಗೆ ಫೋನ್ ಮಾಡಿದಳು.

"ಬೀಳ್ತಿಲ್ಲ ಅಜ್ಜಿ."

"ನಿನ್ನ ಕಳ್ಸಕ್ಕೆ ಮನಸ್ಸಿಲ್ಲ ಅದಕ್ಕೆ" ಎಂದಳು ಅಜ್ಜಿ. "ಇನ್ನೊಂದ್ಸಲ ಕೈಮುಗ್ದು ಕೇಳು, ಮಗಾ."

ಫೋನ್ ಇಟ್ಟ ಸುಚಿತ್ರಾಗೆ ಅಳು ಬಂತು. ಇಷ್ಟು ದಿನದಲ್ಲಿ ಆ ಊರಿನ ಯಾರೂ ಅವಳಿಗೆ ಇನ್ನೊಂದು ಗಳಿಗೆ ಕೂತು ಹೋಗು ಎಂದಿರಲಿಲ್ಲ. ಮನೆಯ ಚೌಡಿಯೂ ಎಂದಿರಲಿಲ್ಲ. ಕೈಮುಗಿದಳು, ಆದರೆ ಕಳಿಸಿಕೊಡು ಎಂಬ ಮಾತು ಬಾಯಿಗೆ ಬರಲಿಲ್ಲ.

ರಸ್ತೆಯ ತಿರುವಿನಲ್ಲಿ ಬಸ್ಸು ಕಾಣಿಸಿತು. ಅದರ ಹಿಂದೆಯೇ ಕಡಲ ಕಡೆಯಿಂದ ಗಾಳಿ ಎದ್ದಿತು. ಸೇವಂತಿಗೆಯ ಎಸಳುಗಳು ನಡುಗಿ, ಹೂ ಮೆಲ್ಲಗೆ ಬಲಕ್ಕೆ ವಾಲಿತು. ಸುಚಿತ್ರಾ ಗಡಬಡಿಸಿ ಎದ್ದು, ಅದು ಬೀಳದ ಹಾಗೆ ಎರಡೂ ಕೈಗಳನ್ನು ಅಡ್ಡ ಹಿಡಿದಳು.